ದೂರದ ಯುದ್ಧವೂ ನಮ್ಮ ಜನಾಭಿಪ್ರಾಯವೂ

ಪ್ಯಾಲೆಸ್ಟೈನಿನಲ್ಲಿ ಗುಂಡಿನ ಸದ್ದು ಎದ್ದಾಗಲೆಲ್ಲ ನಮ್ಮ ಸಾಂಗಲಿ-ಮಿರಜಗಳಲ್ಲಿಯೂ ಎರಡು ಬಗೆಯ ಮಾತು ಕೇಳಿಬರುವುದುಂಟು. "ಅಷ್ಟು ದೂರದ ಜಗಳದ ಗೊಡವೆ ನಮಗೇಕೆ?" ಎಂಬುದು ಒಂದು. "ಅದು ನಮ್ಮದೇ ಜಗಳ, ನಾವು ಇಂಥವರ ಪಕ್ಷ" ಎಂಬುದು ಇನ್ನೊಂದು. ಮೊದಲನೆಯದು ಉದಾಸೀನದ ಮಾತು. ಎರಡನೆಯದು ಆವೇಶದ ಮಾತು. ಇವೆರಡೂ ಇತಿಹಾಸವನ್ನು ನೋಡದೆ ಆಡಿದ ಮಾತುಗಳೆಂದು ನಮಗೆ ತೋರುತ್ತದೆ. ಆ ನೆಲದೊಡನೆ ನಮ್ಮವರ ಸಂಬಂಧ ನೂರು ವರುಷಕ್ಕೂ ಹಿಂದಿನದು. ಅದು ಎಂದೂ ಒಂದೇ ಪಕ್ಷದೊಡನೆ ಇದ್ದುದಲ್ಲ. ಮಕ್ಕಳು ತರಗತಿಯಲ್ಲಿ ಈ ವಿಷಯವನ್ನೆತ್ತಿದಾಗ ಶಿಕ್ಷಕರಿಗೆ ನೆರವಾದೀತೆಂದು ಆ ಕಥೆಯನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

ಮೊದಲನೆಯ ಮಹಾಯುದ್ಧದ ಕಾಲಕ್ಕೆ ಪ್ಯಾಲೆಸ್ಟೈನು ತುರ್ಕರ ಉಸ್ಮಾನಿಯಾ ಸಾಮ್ರಾಜ್ಯದ ಭಾಗವಾಗಿತ್ತು. 1918ನೆಯ ಇಸವಿ ಸೆಪ್ಟೆಂಬರ 23ರಂದು ಕಡಲ ತೀರದ ಹೈಫಾ ಪಟ್ಟಣವನ್ನು ಬ್ರಿಟಿಷರ ಪರವಾಗಿ ಗೆದ್ದುಕೊಟ್ಟವರಲ್ಲಿ ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಕುದುರೆ ಸವಾರರು ಮುಖ್ಯರು. ಎದುರಾಳಿಗಳ ಬಳಿ ತೋಪುಗಳೂ ಯಂತ್ರಬಂದೂಕುಗಳೂ ಇದ್ದವು. ನಮ್ಮವರ ಕೈಯಲ್ಲಿ ಭರ್ಚಿ, ಖಡ್ಗ. ಮೈಸೂರಿನ ಸವಾರರ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನೇರಿ ಅಲ್ಲಿಯ ತೋಪುಗಳ ಮೇಲೆ ಬಿದ್ದಿತು. ಆ ಪಡೆಯಲ್ಲಿ ಹಿಂದೂಗಳೂ ಇದ್ದರು, ಮುಸಲ್ಮಾನರೂ ಇದ್ದರು. ದಿಲ್ಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರರ ನೆನಪಿನದು. ಆದರೆ ಗೆದ್ದ ನೆಲ ಗೆದ್ದವರ ಕೈಗೂ ಬರಲಿಲ್ಲ, ಅಲ್ಲಿ ನೆಲೆಸಿದ್ದವರ ಕೈಗೂ ಹೋಗಲಿಲ್ಲ. ಅದಕ್ಕೆ ಹತ್ತು ತಿಂಗಳು ಮೊದಲೇ, 1917ರ ನವೆಂಬರದಲ್ಲಿ, ಬ್ರಿಟಿಷ್ ಮಂತ್ರಿ ಬಾಲ್ಫರನು ಅಲ್ಲಿ ಯೆಹೂದ್ಯರಿಗೆ ರಾಷ್ಟ್ರೀಯ ನೆಲೆಯೊಂದನ್ನು ಒದಗಿಸುವ ವಚನವನ್ನು ಇತ್ತಿದ್ದನು. ಆಗ ಅಲ್ಲಿಯ ಜನರಲ್ಲಿ ಬಹುಸಂಖ್ಯಾತರು ಅರಬರು. ಇಂದಿನ ಕಲಹದ ಬೇರುಗಳಲ್ಲಿ ಇದೂ ಒಂದು.

ಭಾರತದಲ್ಲಿ ಈ ವಿಷಯವಾಗಿ ಜನಾಭಿಪ್ರಾಯವು ಮೊದಲು ದೊಡ್ಡದಾಗಿ ಎದ್ದುದು 1919ರ ನಂತರದ ಖಿಲಾಫತ್ ಚಳವಳಿಯಲ್ಲಿ. ಮುಸಲ್ಮಾನರ ಪವಿತ್ರ ಸ್ಥಳಗಳು ಪರರ ವಶವಾಗಬಾರದೆಂಬ ಕೂಗಿಗೆ ಗಾಂಧೀಜಿಯವರು ಬೆಂಬಲವಿತ್ತರು. ಮುಂದೆ ಜರ್ಮನಿಯಲ್ಲಿ ಹಿಟ್ಲರನು ಯೆಹೂದ್ಯರನ್ನು ಹಿಂಸಿಸತೊಡಗಿದಾಗ, 1938ರ ನವೆಂಬರ 26ರ 'ಹರಿಜನ'ದಲ್ಲಿ ಅವರು ತಮ್ಮ ಮನಸ್ಸನ್ನು ತೆರೆದಿಟ್ಟರು. ಯೆಹೂದ್ಯರ ಕಷ್ಟಕ್ಕೆ ತಮ್ಮ ಪೂರ್ಣ ಸಹಾನುಭೂತಿಯುಂಟು, ಆದರೆ ಪ್ಯಾಲೆಸ್ಟೈನು ಅರಬರದು ಎಂಬುದು ಅವರ ನಿಲುವು. ಒಬ್ಬರ ದುಃಖವನ್ನು ಮನ್ನಿಸುವುದಕ್ಕೆ ಇನ್ನೊಬ್ಬರ ಹಕ್ಕನ್ನು ಅಲ್ಲಗಳೆಯಬೇಕಾಗಿಲ್ಲವೆಂಬುದನ್ನು ಈ ಲೇಖನದಿಂದ ಕಲಿಯಬಹುದು. ಅದಾದ ಬಳಿಕ ಏಳೇ ವರುಷಗಳೊಳಗೆ ಸುಮಾರು 60 ಲಕ್ಷ ಯೆಹೂದ್ಯರು ಯುರೋಪಿನಲ್ಲಿ ಕೊಲೆಯಾದರು. ಉಳಿದವರು ತಮ್ಮದೆಂಬ ನೆಲಕ್ಕಾಗಿ ಹಂಬಲಿಸಿದುದು ಸಹಜವೇ ಆಗಿತ್ತು.

1947ರ ನವೆಂಬರ 29ರಂದು ವಿಶ್ವಸಂಸ್ಥೆಯು ಪ್ಯಾಲೆಸ್ಟೈನನ್ನು ಎರಡು ರಾಜ್ಯಗಳಾಗಿ ಒಡೆಯುವ ಠರಾವನ್ನು 33 ಮತಗಳಿಂದ ಸ್ವೀಕರಿಸಿತು. ವಿರೋಧಿಸಿದ 13 ದೇಶಗಳಲ್ಲಿ ಭಾರತವೂ ಒಂದು. ದೇಶವಿಭಜನೆಯ ಗಾಯ ಆಗ ಮೂರು ತಿಂಗಳ ಹಸಿಗಾಯ. ಮತದ ಹೆಸರಿನಲ್ಲಿ ನಾಡನ್ನು ಒಡೆದರೆ ಏನಾಗುವುದೆಂಬುದನ್ನು ನಮ್ಮವರು ಪಂಜಾಬ, ಬಂಗಾಲಗಳಲ್ಲಿ ಕಣ್ಣಾರೆ ಕಂಡಿದ್ದರು. ಒಡೆಯುವುದರ ಬದಲು ಎರಡೂ ಜನರನ್ನೊಳಗೊಂಡ ಒಂದು ಸಂಯುಕ್ತ ರಾಜ್ಯವಾಗಲೆಂಬುದು ಭಾರತದ ಸಲಹೆಯಾಗಿತ್ತು. ಅದು ನಡೆಯಲಿಲ್ಲ. 1948ರಲ್ಲಿ ಇಸ್ರೇಲ್ ಹುಟ್ಟಿತು, ಯುದ್ಧವಾಯಿತು, ಸುಮಾರು 7 ಲಕ್ಷ ಅರಬರು ಮನೆಮಾರು ಕಳೆದುಕೊಂಡರು.

ಗೆರೆ ಎಳೆಯುವವರು ಬೇರೆ, ಗೆರೆಯ ಮೇಲೆ ಬಾಳುವವರು ಬೇರೆ ಎಂಬುದನ್ನು ಗಡಿಭಾಗದ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಜತ್ತ ಸೀಮೆಯ ಕನ್ನಡಿಗರು ಗೆರೆಯ ಈಚೆಗೆ ಉಳಿದರು. ಆದರೂ ನಮ್ಮ ಹೊಲಮನೆಗಳು ನಮ್ಮವೇ ಆಗಿ ಉಳಿದವು, ಕನ್ನಡ ಶಾಲೆಗಳು ನಡೆದವು. ವಾದವೇನಿದ್ದರೂ ನ್ಯಾಯಾಲಯದ ಮುಂದಿದೆ. ಅಲ್ಲಿಯವರಿಗೆ ಹೊಸ್ತಿಲೇ ತಪ್ಪಿತು. ಈ ಅಂತರವನ್ನು ಅರಿತವರಿಗೆ ಅವರ ನೋವು ಅರ್ಥವಾದೀತು.

ಭಾರತವು 1950ರ ಸೆಪ್ಟೆಂಬರ 17ರಂದು ಇಸ್ರೇಲಿಗೆ ಮನ್ನಣೆಯಿತ್ತಿತು. ಆ ಕಾಲದಲ್ಲಿಯೇ ನಮ್ಮ ಪಕ್ಕದ ಕೊಂಕಣದಿಂದ ಬೆನೆ ಇಸ್ರೇಲರು ಅಲ್ಲಿಗೆ ವಲಸೆ ಹೊರಟರು. ಇವರು ಶತಮಾನಗಳಿಂದ ಕೊಂಕಣದಲ್ಲಿ ಎಣ್ಣೆಯ ಗಾಣ ನಡೆಯಿಸಿ ಬಾಳಿದ ಯೆಹೂದ್ಯರು. ಶನಿವಾರ ಗಾಣ ಕಟ್ಟದ ಕಾರಣ ನೆರೆಹೊರೆಯವರು ಇವರನ್ನು 'ಶನಿವಾರ ತೇಲಿ'ಗಳೆಂದು ಕರೆದರು. ನೆರೆಯವರು ಇವರಿಗೆ ಹೆಸರಿಟ್ಟರೇ ಹೊರತು ಕಾಟ ಕೊಡಲಿಲ್ಲ. ಮರಾಠಿ ಅವರ ಮನೆಮಾತು. ಅದನ್ನು ಅವರು ಇಸ್ರೇಲಿಗೂ ಒಯ್ದರು. ಅಲ್ಲಿಯ ಧರ್ಮಾಧಿಕಾರಿಗಳು ಇವರು ನಿಜವಾದ ಯೆಹೂದ್ಯರೇ ಎಂದು ಸಂಶಯಪಟ್ಟಾಗ, 1964ರವರೆಗೆ ಹೋರಾಡಿ ಅವರು ಸಮಾನ ಸ್ಥಾನವನ್ನು ಪಡೆಯಬೇಕಾಯಿತು.

ಇನ್ನೊಂದು ಪಕ್ಕದಲ್ಲಿಯೂ ನಮ್ಮವರಿದ್ದರು. 1956ರ ಸುಯೆಜ್ ಯುದ್ಧದ ಬಳಿಕ ವಿಶ್ವಸಂಸ್ಥೆಯು ಗಾಜಾದಲ್ಲಿ ಇರಿಸಿದ ಶಾಂತಿಪಡೆಗೆ ಭಾರತವು ಸೈನಿಕರನ್ನು ಕಳಿಸಿತು. ಹನ್ನೊಂದು ವರುಷ ಅವರು ಆ ಮರಳುಗಾಡಿನ ಗಡಿಯನ್ನು ಕಾದರು. 1967ರ ಜೂನದಲ್ಲಿ ಯುದ್ಧವು ಮತ್ತೆ ಹೊತ್ತಿದಾಗ, ಇನ್ನೂ ಮರಳದಿದ್ದ ಭಾರತೀಯ ಸೈನಿಕರಲ್ಲಿ ಹತ್ತಕ್ಕೂ ಹೆಚ್ಚು ಜನ ಇಸ್ರೇಲಿನ ದಾಳಿಯಲ್ಲಿ ಮಡಿದರು. ಆಗ ಭಾರತ ಸರಕಾರವು ಅರಬರ ಪಕ್ಷವನ್ನು ಹಿಡಿಯಿತು. ಜನಸಂಘ, ಸ್ವತಂತ್ರ ಪಕ್ಷಗಳವರು ಅದನ್ನು ಟೀಕಿಸಿದರು. ಒಂದೇ ಯುದ್ಧವನ್ನು ಕುರಿತು ದೇಶದೊಳಗೆ ಎರಡು ಅಭಿಪ್ರಾಯಗಳು ಇಂದು ಹುಟ್ಟಿದವಲ್ಲ. ಮುಂದೆ ಭಾರತವು 1988ರಲ್ಲಿ ಪ್ಯಾಲೆಸ್ಟೈನ್ ರಾಜ್ಯವನ್ನು ಮನ್ನಿಸಿತು. 1992ರಲ್ಲಿ ಇಸ್ರೇಲಿನೊಡನೆ ಪೂರ್ಣ ರಾಯಭಾರ ಸಂಬಂಧವನ್ನು ಬೆಳೆಯಿಸಿತು.

2023ರ ಅಕ್ಟೋಬರ 7ರಂದು ಹಮಾಸದವರು ಇಸ್ರೇಲಿನೊಳಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದು, ಸುಮಾರು 250 ಜನರನ್ನು ಸೆರೆಯೊಯ್ದರು. ಅದಕ್ಕೆ ಇಸ್ರೇಲ್ ಹೂಡಿದ ಯುದ್ಧದಲ್ಲಿ ಗಾಜಾದ ಹತ್ತಾರು ಸಾವಿರ ಜನ ಸತ್ತರು. ಅವರಲ್ಲಿ ಮಕ್ಕಳು ಸಾವಿರಾರು. 2025ರ ಜನವರಿಯ ಕದನವಿರಾಮ ಮಾರ್ಚಿನಲ್ಲಿ ಮುರಿಯಿತು. ಅಕ್ಟೋಬರದಲ್ಲಿ ಇನ್ನೊಮ್ಮೆ ಆಯಿತು. ಮಂಗಳೂರು ಸೀಮೆಯಿಂದ ಮುದುಕರ, ರೋಗಿಗಳ ಸೇವೆಗೆಂದು ಇಸ್ರೇಲಿಗೆ ಹೋದವರ ಮನೆಗಳಲ್ಲಿ ಚಿಂತೆ ಆವರಿಸಿತು. ಬೆಂಗಳೂರಿನಲ್ಲಿ ಗಾಜಾದ ಪರವಾಗಿ ನಿಂತವರ ಮೇಲೆ ಪೋಲೀಸರು ಮೊಕದ್ದಮೆ ಹೂಡಿದರು. 2025ರ ಜುಲೈಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಗಾಜಾಕ್ಕಾಗಿ ಸಭೆ ಸೇರಲು ಅನುಮತಿ ಬೇಡಿದ ಅರ್ಜಿಯನ್ನು ತಳ್ಳಿ, ಮೊದಲು ನಮ್ಮ ದೇಶದ ಪ್ರಶ್ನೆಗಳನ್ನು ನೋಡಿರೆಂಬ ಅರ್ಥದ ಮಾತನ್ನಾಡಿತು. ಆಗಸ್ಟದಲ್ಲಿ ಅದೇ ನಗರದ ಆಜಾದ ಮೈದಾನದಲ್ಲಿ ಸಭೆ ನೆರೆಯಿತು.

ನಮ್ಮ ದೇಶದ ಪ್ರಶ್ನೆಗಳನ್ನು ಮೊದಲು ನೋಡಬೇಕೆಂಬ ಮಾತಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ದೂರದ ಕಲಹವು ಮನೆಯ ಕಲಹವಾಗಲು ಎಷ್ಟು ಹೊತ್ತು? 2009ರ ಸೆಪ್ಟೆಂಬರದಲ್ಲಿ, ಗಣೇಶೋತ್ಸವದ ಕಾಲಕ್ಕೆ, ಅಫಜಲಖಾನನ ವಧೆಯ ಚಿತ್ರವಿದ್ದ ಒಂದು ಕಮಾನಿನ ಸಲುವಾಗಿ ಮಿರಜದಲ್ಲಿ ದಂಗೆಯೆದ್ದಿತು, ಕರ್ಫ್ಯೂ ಬಿದ್ದಿತು, ಸಾಂಗಲಿಗೂ ಅದರ ಕಾವು ತಟ್ಟಿತು. 1659ರ ಘಟನೆ 350 ವರುಷಗಳ ಬಳಿಕ ನೆರೆಯವರನ್ನು ಹಗೆಗಳನ್ನಾಗಿ ಮಾಡಬಲ್ಲುದಾದರೆ, ಇಂದಿನ ಗಾಜಾದ ಸುದ್ದಿ ಮಾಡಲಾರದೆ? ಇದೇ ಮಿರಜದ ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಖಾನಸಾಹೇಬ ಅಬ್ದುಲ್ ಕರೀಮಖಾನರ ಸಮಾಧಿಯಿದೆ. ನಮ್ಮ ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಅಂಥ ಊರಿಗೆ ಕಳೆದುಕೊಳ್ಳುವುದು ಬಹಳವಿದೆ.

ಆದುದರಿಂದ, "ಗುರುಗಳೇ, ನಾವು ಯಾರ ಕಡೆ?" ಎಂದು ಮಗುವೊಂದು ಕೇಳಿದರೆ ಶಿಕ್ಷಕನು ಅದನ್ನು ಗದರಿಸಿ ಕೂಡಿಸಬಾರದು, ಸಿದ್ಧ ಉತ್ತರವೊಂದನ್ನು ಬಾಯಿಪಾಠ ಮಾಡಿಸಲೂ ಬಾರದು. ನಕಾಶೆಯನ್ನು ತೂಗುಹಾಕಿ ಹೈಫಾವನ್ನೂ ಗಾಜಾವನ್ನೂ ತೋರಿಸಲಿ. ಹೈಫಾದಲ್ಲಿ ಮೈಸೂರಿನ ಸವಾರರು, ಗಾಜಾದಲ್ಲಿ ಭಾರತದ ಶಾಂತಿಸೈನಿಕರು ಏತಕ್ಕೆ ಹೋಗಿದ್ದರೆಂದು ಹೇಳಲಿ. ಇಸ್ರೇಲ್ ಸರಕಾರವನ್ನು ಟೀಕಿಸುವವನು ಯೆಹೂದ್ಯರ ವೈರಿಯಾಗಬೇಕಿಲ್ಲವೆಂದೂ, ಹಮಾಸವನ್ನು ಖಂಡಿಸುವವನು ತನ್ನ ಪಕ್ಕದ ಮಣೆಯ ಮುಸಲ್ಮಾನ ಗೆಳೆಯನನ್ನು ಶಂಕಿಸಬೇಕಿಲ್ಲವೆಂದೂ ತಿಳಿಸಲಿ. ಅಭಿಪ್ರಾಯವನ್ನು ಮಕ್ಕಳು ಬೆಳೆದಂತೆ ತಾವೇ ಕಟ್ಟಿಕೊಳ್ಳುವರು. ಅದಕ್ಕೆ ಬೇಕಾದ ಇಸವಿಗಳನ್ನೂ ಕಾರಣಗಳನ್ನೂ ಮುಚ್ಚುಮರೆಯಿಲ್ಲದೆ ಅವರ ಕೈಗೆ ಕೊಡುವುದು ನಮ್ಮ ಕೆಲಸ.