ಸುಟ್ಟ ಗಾಯಕ್ಕೆ ಸಿಪ್ಪೆ, ಎಲೆ, ಜೇನು

ಚರ್ಮದ ಮೇಲ್ಪದರ ಸುಟ್ಟು, ಒಳಪದರದ ಒಂದಂಶ ಮಾತ್ರ ಹಾಳಾಗಿದ್ದರೆ ಅದು ಭಾಗಶಃ ಆಳದ ಸುಟ್ಟ ಗಾಯ. ಬೊಬ್ಬೆ ಮತ್ತು ತಡೆಯಲಾಗದ ಉರಿ ಅದರ ಗುರುತು. ಸುಶ್ರುತ ಸಂಹಿತೆಯ ಸೂತ್ರಸ್ಥಾನ ಸುಟ್ಟ ಗಾಯಗಳನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕಾಗಿ ವಿಂಗಡಿಸಿದೆ. ಬೊಬ್ಬೆ ಎದ್ದು ಉರಿಯುವ ದುರ್ದಗ್ಧಕ್ಕೆ ಅದು ಹೇಳುವ ಉಪಚಾರದಲ್ಲಿ ತುಪ್ಪ, ಲೇಪಗಳೂ ಇವೆ.

ಭಾಗಶಃ ಆಳದ ಗಾಯದಲ್ಲಿ ರೋಮಕೂಪಗಳ ಬುಡ ಉಳಿದಿರುತ್ತದೆ. ಹೊಸ ಚರ್ಮ ಹಬ್ಬುವುದು ಅಲ್ಲಿಂದಲೇ. ಆ ಬುಡವನ್ನು ಸೋಂಕಿನಿಂದಲೂ ಒಣಗುವಿಕೆಯಿಂದಲೂ ಕಾಯುವುದೇ ಚಿಕಿತ್ಸೆಯ ಸಾರ. 1925ರಲ್ಲಿ ಡೆಟ್ರಾಯಿಟ್‌ನ ವೈದ್ಯ ಡೇವಿಡ್‌ಸನ್ ಟ್ಯಾನಿಕ್ ಆಮ್ಲದಿಂದ ಗಾಯದ ಮೇಲೆ ಗಟ್ಟಿ ಹಕ್ಕಳೆ ಕಟ್ಟಿಸುವ ವಿಧಾನ ತಂದರು. ಅದರಿಂದ ಯಕೃತ್ತಿಗೆ ಹಾನಿಯಾಗುವುದು ತಿಳಿದ ಮೇಲೆ ಅದನ್ನು ಕೈಬಿಡಲಾಯಿತು. ಸೋಂಕು ತಡೆಯಲು 1965ರಲ್ಲಿ ವೈದ್ಯ ಮೋಯರ್ ಶೇ. 0.5ರ ಸಿಲ್ವರ್ ನೈಟ್ರೇಟ್ ದ್ರಾವಣವನ್ನೂ, 1968ರಲ್ಲಿ ವೈದ್ಯ ಫಾಕ್ಸ್ ಸಿಲ್ವರ್ ಸಲ್ಫಾಡಯಾಜಿನ್ ಎಂಬ ಬೆಳ್ಳಿಯ ಮುಲಾಮನ್ನೂ ಬಳಕೆಗೆ ತಂದರು.

ಸೋಂಕು ಹತೋಟಿಗೆ ಬಂದರೂ ಬ್ಯಾಂಡೇಜಿನ ಸಂಕಟ ಉಳಿಯಿತು. ಬಟ್ಟೆ ಒಣಗಿ ಗಾಯಕ್ಕೆ ಅಂಟುತ್ತದೆ; ಬಿಚ್ಚುವಾಗ ಎಳೆಯ ಚರ್ಮವೂ ಕಿತ್ತುಬರುತ್ತದೆ, ರೋಗಿ ನೋವಿನಿಂದ ಚೀರುತ್ತಾನೆ. ತೇವ ಉಳಿದ ಗಾಯ ಬೇಗ ಮುಚ್ಚುತ್ತದೆ ಎಂದು ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲಿ ಹಂದಿಮರಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು. ಆದರೆ ತೇವ ಹಿಡಿದಿಡುವ ಸಿದ್ಧ ಹೊದಿಕೆಗಳು ಬಡವರ ಕೈಗೆಟುಕುವಂತಿರಲಿಲ್ಲ.

ಇದಕ್ಕೆ ಉತ್ತರ ಮುಂಬೈನಲ್ಲಿ ಅಡುಗೆಮನೆಯ ಕಸದಲ್ಲಿ ಸಿಕ್ಕಿತು. ಬೇಯಿಸಿದ ಆಲೂಗಡ್ಡೆ ಸಿಪ್ಪೆಯನ್ನು ಗಾಜ್ ಬಟ್ಟೆಯ ಮೇಲೆ ಹರಡಿ, ಕ್ರಿಮಿಶುದ್ಧಿ ಮಾಡಿ ಸುತ್ತುವ ವಿಧಾನವನ್ನು ಡಾ. ಕೇಸ್ವಾನಿ 1985ರಲ್ಲಿ ಪ್ರಕಟಿಸಿದರು. ಸಿಪ್ಪೆಯ ಹೊರಪದರ ನೀರನ್ನು ಸುಲಭವಾಗಿ ಬಿಟ್ಟುಕೊಡದು. ಹಾಗಾಗಿ ಅದರಡಿ ಗಾಯ ಒಣಗುವುದಿಲ್ಲ. ಸಿಪ್ಪೆ ರೋಗಾಣುಗಳನ್ನು ಕೊಲ್ಲುವುದಿಲ್ಲ, ಆ ಕೆಲಸ ಬೆಳ್ಳಿಯ ಮುಲಾಮಿನಂಥ ಔಷಧದ್ದು. 2003ರಲ್ಲಿ ವೈದ್ಯರಾದ ಗೋರೆ ಮತ್ತು ಆಕೋಲೇಕರ್ ಭಾಗಶಃ ಆಳದ ಗಾಯಕ್ಕೆ ಬಾಳೆಲೆಯನ್ನು ಪರೀಕ್ಷಿಸಿದರು. ಊಟಕ್ಕೆ ಹಾಸುವ ಆ ಎಲೆ ಅಗಲ, ನುಣುಪು, ಮೇಣದ ಪದರವುಳ್ಳದ್ದು. ಗಾಯಕ್ಕೆ ಅಂಟದೆ ಸಲೀಸಾಗಿ ಎದ್ದುಬರುತ್ತದೆ. ಸೊಲ್ಲಾಪುರದ ಡಾ. ಸುಬ್ರಹ್ಮಣ್ಯಂ 1991ರಲ್ಲಿ 104 ರೋಗಿಗಳಲ್ಲಿ ಜೇನನ್ನು ಬೆಳ್ಳಿಯ ಮುಲಾಮಿನೊಂದಿಗೆ ಹೋಲಿಸಿ, ಜೇನು ಹಚ್ಚಿದ ಗಾಯಗಳು ಬೇಗ ಮಾಗಿದ್ದನ್ನು ವರದಿ ಮಾಡಿದರು.

ಯಾವ ಹೊದಿಕೆಯಾದರೂ ಮೊದಲು ಗಾಯ ಶುಚಿಯಾಗಬೇಕು. ಸುಟ್ಟ ಕೂಡಲೇ 20 ನಿಮಿಷ ತಣ್ಣೀರು ಹರಿಸುವುದು, ಆಸ್ಪತ್ರೆಯಲ್ಲಿ ಶುದ್ಧ ನೀರು ಅಥವಾ ಸಲೈನಿನಿಂದ ಮೆದುವಾಗಿ ತೊಳೆಯುವುದು, ಸತ್ತ ಚರ್ಮ ತೆಗೆಯುವುದು ಅದರ ಕ್ರಮ. ಸಿಪ್ಪೆಯೂ ಎಲೆಯೂ ಹಬೆಯಲ್ಲಿ ಕ್ರಿಮಿಶುದ್ಧಿಯಾದ ಮೇಲೆಯೇ ಔಷಧ; ತೋಟದಿಂದ ಕಿತ್ತ ಹಸಿ ಎಲೆ ಸೋಂಕನ್ನೇ ತರಬಹುದು.