ಮನೆ ಬಿಟ್ಟು ಹೊರಟ ಸ್ವಿಫ್ಟ್

ಆಪಲ್ ಸಂಸ್ಥೆಯು ಐಫೋನ್ ಮುಂತಾದ ತನ್ನ ಯಂತ್ರಗಳಿಗೆ ಆ್ಯಪ್ ಬರೆಯಲೆಂದು 2014ರ ಜೂನ್‌ನಲ್ಲಿ ಹೊರತಂದ ಗಣಕಭಾಷೆ ಸ್ವಿಫ್ಟ್. ಕ್ರಿಸ್ ಲ್ಯಾಟ್ನರ್ ಅವರು 2010ರಲ್ಲೇ ಇದನ್ನು ಆರಂಭಿಸಿದ್ದರು. ಮೊದಲಿಗೆ ಮ್ಯಾಕ್ ಇಲ್ಲದವರಿಗೆ ಇದರ ಕಲಿಕೆ ಸಾಧ್ಯವಿರಲಿಲ್ಲ. ಚೆನ್ನೈಯಲ್ಲಿ ಸಂಬಳ ಎಣಿಸಿ ಸಂಸಾರ ನಡೆಸುವ ನಮ್ಮಂಥವರ ಮನೆಗಳಲ್ಲಿ ಮ್ಯಾಕ್ ಎಲ್ಲಿಂದ ಬರಬೇಕು?

2015ರ ಡಿಸೆಂಬರ್ 3ರಂದು ಆಪಲ್ ಇದರ ಮೂಲಸಂಕೇತವನ್ನು ಎಲ್ಲರಿಗೂ ತೆರೆದಿಟ್ಟು, ಲಿನಕ್ಸ್‌ಗೂ ಒದಗಿಸಿತು. ವಿಂಡೋಸ್‌ನ ಸರದಿ ಬಂದದ್ದು 2020ರ ಸೆಪ್ಟೆಂಬರ್‌ನಲ್ಲಿ, 5.3ನೇ ಆವೃತ್ತಿಯೊಡನೆ.

ಆದರೆ ಭಾಷೆ ಬಂತೇ ಹೊರತು ಮನೆಯ ಸಾಮಾನೆಲ್ಲ ಬರಲಿಲ್ಲ. ಪರದೆಯ ಮೇಲೆ ಗುಂಡಿ, ಪಟ್ಟಿಗಳನ್ನು ಮೂಡಿಸುವ ಯುಐಕಿಟ್ ಆಪಲ್‌ನಲ್ಲೇ ಉಳಿಯಿತು. ದಿನಾಂಕ, ಕಡತಗಳನ್ನು ನೋಡಿಕೊಳ್ಳುವ ಫೌಂಡೇಷನ್ ಎಂಬ ಭಾಗವನ್ನು ಲಿನಕ್ಸ್‌ಗಾಗಿ ಹೊಸದಾಗಿ ಬರೆಯಬೇಕಾಯಿತು. ಊರು ಬಿಟ್ಟು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ!

ನಮಗೆ ಹೆಚ್ಚು ಹಿಡಿಸಿದ್ದು ಬೇರೆ. ‘ಕಿ’ ಎಂಬುದು ಯೂನಿಕೋಡಿನಲ್ಲಿ ‘ಕ’ ಮತ್ತು ಗುಡಿಸು ಎಂದು ಎರಡು ಸಂಕೇತ. ಯುಟಿಎಫ್-8ರಲ್ಲಿ ಆರು ಬೈಟು. ಸ್ವಿಫ್ಟ್ ಅದನ್ನು ನಮ್ಮ ಶಾಲಾ ಮೇಷ್ಟರಂತೆ ಒಂದೇ ಅಕ್ಷರವೆಂದು ಎಣಿಸುತ್ತದೆ.

ಈಗ ಮಕ್ಕಳು ಮನೆಯಲ್ಲಿರುವ ಲಿನಕ್ಸ್ ಅಥವಾ ವಿಂಡೋಸ್ ಗಣಕದಲ್ಲೇ ಈ ಭಾಷೆಯನ್ನು ಅಭ್ಯಾಸ ಮಾಡಬಹುದು. ಐಫೋನಿಗೆಂದು ಆ್ಯಪ್ ಕಟ್ಟಿ ಮುಗಿಸಲು ಮಾತ್ರ ಇಂದಿಗೂ ಸಾಮಾನ್ಯವಾಗಿ ಮ್ಯಾಕ್‌ನ ಮೊರೆ ಹೋಗಬೇಕು.