ಲೆಫ್ಕಾರದ ಬಿಳಿಯ ಕಸೂತಿ

ಭೂಮಧ್ಯಸಮುದ್ರದ ಪೂರ್ವಭಾಗದಲ್ಲಿರುವ ಸೈಪ್ರಸ್ ದ್ವೀಪವು ಪ್ರಾಚೀನಕಾಲದಿಂದಲೂ ತಾಮ್ರಕ್ಕೆ ಪ್ರಸಿದ್ಧವಾದುದು. ಅದೇ ದ್ವೀಪದ ದಕ್ಷಿಣಕ್ಕೆ, ಟ್ರೂಡೋಸ್ ಪರ್ವತದ ತಪ್ಪಲಿನಲ್ಲಿ, ಸೂಜಿ ನೂಲುಗಳಿಂದಲೇ ದೇಶಾಂತರಗಳಲ್ಲಿ ಹೆಸರು ಪಡೆದ ಗ್ರಾಮವೊಂದುಂಟು. ಅದರ ಹೆಸರು ಲೆಫ್ಕಾರ. ಗ್ರೀಕ್ ಭಾಷೆಯಲ್ಲಿ ಬಿಳುಪನ್ನು ಸೂಚಿಸುವ ಪದದಿಂದ ಈ ಹೆಸರು ಬಂದಿತೆಂದೂ, ಸುತ್ತಣ ಸುಣ್ಣಗಲ್ಲಿನ ಗುಡ್ಡಗಳೇ ಇದಕ್ಕೆ ಕಾರಣವೆಂದೂ ಹೇಳುವರು. ಊರು ಎರಡು ಭಾಗವಾಗಿದೆ: ಮೇಲಣ ಲೆಫ್ಕಾರ, ಕೆಳಗಣ ಲೆಫ್ಕಾರ. ಕಲ್ಲಿನ ಗೋಡೆ, ಕೆಂಪು ಹೆಂಚಿನ ಮಾಡು, ಇಬ್ಬರು ಎದುರುಬದುರಾದರೆ ಒಬ್ಬರು ಸರಿದು ನಿಲ್ಲಬೇಕಾದಷ್ಟು ಇಕ್ಕಟ್ಟಾದ ಓಣಿಗಳು. ಹೋದವನಿಗೆ ಮೊದಲು ಕಾಣುವುದು ಇವೇ.

ಈ ಊರು ಕಸೂತಿಯಿಂದಲೇ ಇತಿಹಾಸಕ್ಕೆ ಬಂದುದೆಂದು ಎಣಿಸಬಾರದು. ಸೈಪ್ರಸನ್ನು ಫ್ರೆಂಚ್ ಮೂಲದ ಲೂಸಿನ್ಯಾನ್ ಅರಸರು ಆಳುತ್ತಿದ್ದಾಗ, 1260ರಲ್ಲಿ, ಪೋಪನ ಶಾಸನವೊಂದು ಹೊರಟು ದ್ವೀಪದ ಗ್ರೀಕ್ ಬಿಷಪ್ಪರುಗಳ ಪೀಠಗಳನ್ನು ನಾಲ್ಕಕ್ಕೆ ಇಳಿಸಿ ಪಟ್ಟಣಗಳಿಂದ ಹೊರಕ್ಕೆ ಕಳುಹಿಸಿತು. ಆಗ ಅಂಥದೊಂದು ಪೀಠಕ್ಕೆ ಆಶ್ರಯ ಕೊಟ್ಟುದು ಲೆಫ್ಕಾರ. 1489ರಲ್ಲಿ ವೆನಿಸ್ಸಿನವರೂ, 1571ರಲ್ಲಿ ತುರ್ಕರೂ, 1878ರಲ್ಲಿ ಆಂಗ್ಲರೂ ದ್ವೀಪವನ್ನು ವಶಪಡಿಸಿಕೊಂಡರು. 1960ರಲ್ಲಿ ಅದು ಸ್ವತಂತ್ರವಾಯಿತು.

ಊರಿನವರು ಹೆಮ್ಮೆಯಿಂದ ಹೇಳುವ ಕಥೆಯೊಂದುಂಟು. 1481ರಲ್ಲಿ ಮಹಾಚಿತ್ರಕಾರನಾದ ಲಿಯನಾರ್ಡೊ ಡ ವಿಂಚಿಯು ಇಲ್ಲಿಗೆ ಬಂದು, ಮಿಲಾನಿನ ಮಹಾದೇವಾಲಯದ ವೇದಿಕೆಗೆಂದು ಕಸೂತಿಯ ವಸ್ತ್ರವೊಂದನ್ನು ಕೊಂಡೊಯ್ದನಂತೆ. ಕೇಳುವುದಕ್ಕೆ ಬಲು ಸೊಗಸು. ಆದರೆ ಅದೇ 1481ರ ಮಾರ್ಚಿಯಲ್ಲಿ ಲಿಯನಾರ್ಡೊ ಫ್ಲಾರೆನ್ಸಿನ ಬಳಿಯ ಮಠವೊಂದಕ್ಕೆ ಚಿತ್ರ ಬರೆದುಕೊಡುವುದಾಗಿ ಕರಾರು ಮಾಡಿಕೊಂಡಿದ್ದನು. ಅವನು ಮಿಲಾನಿಗೆ ಹೋಗಿ ನೆಲೆಸಿದ್ದು ಸುಮಾರು 1482ರಲ್ಲಿ. ಅವನು ಸೈಪ್ರಸಿಗೆ ಕಡಲು ದಾಟಿ ಬಂದನೆಂಬುದಕ್ಕೆ ಸಮಕಾಲೀನ ಪತ್ರಗಳ ಆಧಾರವಿಲ್ಲ. ಈ ಕಲೆಯಾದರೋ ಕನಿಷ್ಠಪಕ್ಷ ಹದಿನಾಲ್ಕನೆಯ ಶತಮಾನದಷ್ಟು ಹಳೆಯದೆಂದು ಎಣಿಸಲ್ಪಟ್ಟಿದೆ. ಹುಟ್ಟಿ ನೂರು ವರ್ಷ ದಾಟಿದ ಕಲೆಗೆ ಪರದೇಶದ ಚಿತ್ರಕಾರನೊಬ್ಬನ ಶಿಫಾರಸು ಏತಕ್ಕೆ ಬೇಕಾಯಿತೆಂಬುದೇ ನಮಗೆ ಸೋಜಿಗ.

ಕೆಲಸದ ಕ್ರಮವನ್ನು ನೋಡಿದರೆ ಈ ಕಥೆಗಿಂತ ಹೆಚ್ಚಿನ ವಿಸ್ಮಯವಾಗುವುದು. ಅಗಸೆನಾರಿನ ಲಿನನ್ ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಣಿಸಿ, ಕೆಲವನ್ನು ಕತ್ತರಿಸಿ, ಕೆಲವನ್ನು ಸೆಳೆದು ತೆಗೆಯುವರು. ಉಳಿದ ಎಳೆಗಳನ್ನು ಹತ್ತಿಯ ನೂಲಿನಿಂದ ಬಿಗಿದು ಬಟ್ಟೆಯಲ್ಲಿ ಜಾಲಂಧ್ರಗಳನ್ನು ತೆರೆಯುವರು. ನಡುನಡುವೆ ಒತ್ತೊತ್ತಾದ ಹೊಲಿಗೆಯಿಂದ ಆಕೃತಿಗಳನ್ನು ತುಂಬಿ, ಅಂಚಿಗೆ ಸೂಜಿಯಿಂದಲೇ ಹೆಣೆದ ಲೇಸನ್ನು ಕೂಡಿಸುವರು. (ಪರಭಾಷೆಯ ಈ ಮಾತು ಕನ್ನಡದಲ್ಲಿಯೂ ಒಳ್ಳೆಯ ಅರ್ಥವನ್ನೇ ಕೊಡುವುದು!) ಎಣಿಕೆಯಲ್ಲಿ ಒಂದೆಳೆ ತಪ್ಪಿದರೂ ಸಾಲೆಲ್ಲ ಕೆಡುವುದು. ಓರೆಕೋರೆಯಾಗಿ ಹರಿಯುವ ಒಂದು ಮಾದರಿಗೆ 'ಪೊಟಮೋಸ್', ಎಂದರೆ ನದಿ, ಎಂದು ಹೆಸರು. ತಾಯಿ ಅಜ್ಜಿಯರ ಬಳಿ ಕುಳಿತು ನೋಡಿ ನೋಡಿ ಹುಡುಗಿಯರು ಇದನ್ನು ಕಲಿಯುವರು. ಕೈ ಪಳಗಿದ ಮೇಲೆ ಹಳೆಯ ಮಾದರಿಯಲ್ಲಿಯೇ ತನ್ನದೊಂದು ಹೊಸತನ್ನು ಸೇರಿಸುವ ಸ್ವಾತಂತ್ರ್ಯ ಅವಳಿಗುಂಟು.

ಮೊದಲಿಗೆ ಇದೆಲ್ಲ ಮಗಳ ಮದುವೆಯ ಬಳುವಳಿಗಾಗಿ ನಡೆಯುತ್ತಿದ್ದ ಕೆಲಸ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅದು ದೊಡ್ಡ ವ್ಯಾಪಾರವಾಯಿತು. ಊರಿನ ಗಂಡಸರು ಬಟ್ಟೆಗಳನ್ನು ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಯೂರೋಪಿನ ನಗರಗಳಲ್ಲಿ ಮನೆಮನೆಗೆ ತಿರುಗಿ ಮಾರಿದರು. ಇವರಿಗೆ 'ಕೆಂದಿತಾರಿದೆಸ್' ಎಂದು ಹೆಸರು. ಅವರ ಸಾಹಸವು ಅಲ್ಪವಾದುದಲ್ಲ. ಆದರೆ ಪೆಟ್ಟಿಗೆಯೊಳಗಿದ್ದುದು 'ಪ್ಲೂಮಾರಿಸೆಸ್' ಎಂದು ಕರೆಯಲ್ಪಡುವ ಹೆಂಗಸರ ಕಣ್ಣು, ಬೆನ್ನು, ಹಗಲುಗಳ ದುಡಿಮೆ. ಎಂದೂ ಬಾರದ ಲಿಯನಾರ್ಡೊವಿನ ಹೆಸರು ಊರಿನಲ್ಲಿ ಮೆರೆಯುತ್ತಿದೆ. ಬಟ್ಟೆಗಳನ್ನು ಹೊಲಿದವರಾದರೋ ಅವುಗಳ ಮೇಲೆ ತಮ್ಮ ಹೆಸರನ್ನು ಬರೆದವರಲ್ಲ.

ಬೆಳ್ಳಿಯ ಕೆಲಸವೂ ಈ ಊರಿನದೇ. ಪನ್ನೀರುದಾನಿ, ಧೂಪಪಾತ್ರೆ ಮೊದಲಾದವುಗಳನ್ನು ಇಲ್ಲಿಯ ಅಕ್ಕಸಾಲೆಗಳು ಬಹು ನಯವಾಗಿ ಮಾಡುವರು. ಎರಡು ಕಲೆಗಳ ಹಳೆಯ ಮಾದರಿಗಳನ್ನೂ ಪಟ್ಸಾಲೋಸ್ ಎಂಬ ಮನೆತನದ ಹೆಸರಿನ ದೊಡ್ಡ ಮನೆಯಲ್ಲಿ ವಸ್ತುಸಂಗ್ರಹವಾಗಿ ಇರಿಸಿದ್ದಾರೆ.

2009ರಲ್ಲಿ ಯುನೆಸ್ಕೊ ಸಂಸ್ಥೆಯು ಲೆಫ್ಕಾರದ ಕಸೂತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಗೌರವವೇನೋ ದೊಡ್ಡದು. ಆದರೆ ದೊಡ್ಡ ಮೇಜುವಸ್ತ್ರವೊಂದಕ್ಕೆ ತಿಂಗಳುಗಟ್ಟಲೆ ಹಿಡಿಯುವ ಕೆಲಸಕ್ಕೆ, ಯಂತ್ರದಲ್ಲಿ ತಯಾರಾಗುವ ಅಗ್ಗದ ಬಟ್ಟೆಯ ಎದುರಿನಲ್ಲಿ ತಕ್ಕ ಕೂಲಿ ಹುಟ್ಟುವುದು ಕಷ್ಟ. ನೆರಳಿನ ಓಣಿಯಲ್ಲಿ ಕುರ್ಚಿ ಹಾಕಿಕೊಂಡು ಹೊಲಿಯುವವರಲ್ಲಿ ವಯಸ್ಸಾದವರೇ ಹೆಚ್ಚು. ಅಂಗಡಿಗೆ ಹೋದವನಿಗೆ ಲಿಯನಾರ್ಡೊವಿನ ಕಥೆಯಂತೂ ತಪ್ಪದು. ಅದನ್ನು ಕೇಳಿಯಾದ ಮೇಲೆ, ಈ ಬಟ್ಟೆಯನ್ನು ಹೊಲಿದವರಾರೆಂದು ಅವನು ವಿಚಾರಿಸಿದರೆ, ಆಕೆ ಅದೇ ಬೀದಿಯಲ್ಲಿ ಕುಳಿತಿದ್ದರೂ ಇರಬಹುದು.